ಮೇ ಕೊನೆಗೆ ಬಾ ಮಾರಾಯ

ಪ್ರೀತಿಯ ಗೆಳೆಯಾ,

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ಹದಿನೈದು ವರ್ಷದ ಕೆಲಸ ಹನ್ನೆರಡು ನಿಮಿಷದ ಮೀಟಿಂಗಿನಲ್ಲಿ ಹೋಯಿತು ಅಂದೆ. ಅದಕ್ಕಿಂತ ಜಾಸ್ತಿ ಕಾಡಿದ್ದು ನೀನು ಕೊನೆಗೆ ಹೇಳಿದ ಮಾತು. 'ಈಗಲೂ ಬೆಳಿಗ್ಗೆ ಎಂಟಕ್ಕೆ ಬ್ಯಾಗ್ ಹಾಕ್ಕೊಂಡು ಹೊರಡ್ತೀನಿ ಕಣೋ, ಮಕ್ಕಳಿಗೆ ಗೊತ್ತಾಗಬಾರದು ಅಂತ.' ನನಗೆ ಆಗ ಏನು ಹೇಳಬೇಕೋ ತಿಳಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹಾಗೇ ಬ್ಯಾಗ್ ಹಾಕಿಕೊಂಡು ಹೊರಡುವವರು ಇನ್ನೂ ಎಷ್ಟು ಜನರಿದ್ದಾರೋ. ಅವರೂ ಓದಲಿ ಅಂತ ನಿನ್ನ ಹೆಸರು ಬಿಟ್ಟು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ನಾನೂ ಅದನ್ನೇ ಮಾಡಿದವನು. ಮೂರು ವರ್ಷವಾಗುತ್ತಾ ಬಂತು. ಏಪ್ರಿಲಿನ ಒಂದು ಮಧ್ಯಾಹ್ನ ನನ್ನ ಲ್ಯಾಪ್‌ಟಾಪ್ ತಾನಾಗಿಯೇ ಲಾಕ್ ಆಯಿತು. ಆಮೇಲೆ ಹನ್ನೊಂದು ವಾರ, ಪ್ರತಿ ಭಾನುವಾರ ಅಪ್ಪನಿಗೆ ಫೋನ್ ಮಾಡಿ 'ಆಫೀಸಲ್ಲಿ ಕೆಲಸ ಜಾಸ್ತಿ' ಅನ್ನುತ್ತಿದ್ದೆ. ಸಂಬಳ ನಿಂತದ್ದು ಕಷ್ಟವೇ. ಆದರೆ ಮದುವೆ ಮನೆಯಲ್ಲಿ ಯಾರಾದರೂ 'ಈಗ ಎಲ್ಲಿದ್ದೀಯ?' ಅಂತ ಕೇಳಿದರೆ ಬಾಯಿ ಒಣಗುತ್ತಿತ್ತು. ಹದಿನೇಳು ವರ್ಷ ಕಂಪನಿಯ ಹೆಸರನ್ನೇ ನನ್ನ ಮನೆತನದ ಹೆಸರಿನ ಹಾಗೆ ಹೇಳಿಕೊಂಡು ಬಂದಿದ್ದೆ.

ದುಡ್ಡಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ನಿನಗೆ ಐದು ವರ್ಷ ಯಾವತ್ತೋ ದಾಟಿದೆ, ಗ್ರಾಚ್ಯುಟಿ ಬರಬೇಕು. ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ವೇತನ, ತಿಂಗಳಿಗೆ 26 ದಿನ ಅಂತ ಹಿಡಿದು. ಅವರು ಕೊಡುವ ಕಾಗದದಲ್ಲಿ ಆ ಲೆಕ್ಕ ಸರಿಯಿದೆಯಾ ನೋಡು. ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ನಿಲ್ಲುತ್ತದೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ ಅಲ್ವಾ, ಈ ವಾರವೇ ಬೇರೆ ವಿಮೆ ಮಾಡಿಸು. ನಾವು ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟು ಚಿಕ್ಕ ಮನೆಗೆ ಹೋದೆವು. ಹೆಂಡತಿ ತನ್ನ ಕೆಲಸ ಬಿಡಲಿಲ್ಲ. ಅವಳ ಸಂಬಳ ಇಲ್ಲದಿದ್ದರೆ ಮುಂದೆ ಹೇಳುವ ಯಾವುದೂ ಆಗುತ್ತಿರಲಿಲ್ಲ. ಮತ್ತೆ, ಮನೆಯಲ್ಲಿ ಇವತ್ತೇ ಹೇಳು. ಮಕ್ಕಳಿಗೂ ಹೇಳು.

ಜುಲೈಯಲ್ಲಿ ನಾನು ಊರಿಗೆ ಬಂದೆ. ಅಪ್ಪನಿಗೆ ಜಗುಲಿಯಲ್ಲಿ ಕೂತು ಎಲ್ಲ ಹೇಳಿದೆ. ಅಪ್ಪ ಕೇಳಿಸಿಕೊಂಡರು, ಒಂದು ಮಾತೂ ಆಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು 'ಕಾಫಿ ಕುಡಿ, ತೋಟಕ್ಕೆ ಹೋಗಿ ಬರೋಣ' ಅಂದರು.

ನೀನು ತೀರ್ಥಹಳ್ಳಿ ಮಳೆ ನೋಡಿದ್ದೀಯ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಬೀಳುತ್ತದೆ, ನಮ್ಮ ಕಡೆ ಅಷ್ಟಿಲ್ಲದಿದ್ದರೂ ಜುಲೈ ಅಂದರೆ ಜುಲೈಯೇ. ನಮ್ಮ ಅಡಿಕೆ ತೋಟದಲ್ಲಿ ಆ ವರ್ಷ ಕೊಳೆರೋಗ ಬಿದ್ದಿತ್ತು. ಹಸಿರು ಕಾಯಿ ನೀರು ಕುಡಿದ ಹಾಗೆ ಕಪ್ಪಾಗಿ, ತೊಟ್ಟು ಬಿಟ್ಟು ಉದುರುತ್ತದೆ. ಬಿದ್ದ ಕಾಯಿಯ ಮೇಲೆ ಎರಡು ದಿನಕ್ಕೆ ಬಿಳಿ ಬೂಷ್ಟು. ರಾತ್ರಿ ಮಳೆ ನಿಂತಾಗ ಟಪ್ ಟಪ್ ಅಂತ ಅದು ಬೀಳುವ ಸದ್ದು ಮನೆಯೊಳಗೆ ಮಲಗಿದವರಿಗೆ ಕೇಳುತ್ತದೆ. ಅಪ್ಪ ಪ್ರತಿ ಸದ್ದಿಗೂ ಮಗ್ಗುಲು ಬದಲಿಸುತ್ತಿದ್ದರು. ಔಷಧಿ ಹೊಡೆಯಲು ಜನ ಸಿಕ್ಕಿರಲಿಲ್ಲ. ಎಪ್ಪತ್ನಾಲ್ಕು ವರ್ಷದ ಅಪ್ಪ ದಿನಾ ಬೆಳಿಗ್ಗೆ, ಮರ ಹತ್ತಿ ಔಷಧಿ ಹೊಡೆಯುವ, ಗೊನೆ ಇಳಿಸುವ ಕೊನೆಗಾರರಿಗೆ ಫೋನ್ ಮಾಡಿ 'ಒಂದು ದಿನ ಬಂದು ಹೋಗಪ್ಪಾ' ಅಂತ ಬೇಡುತ್ತಿದ್ದರು. ಅದು ನಮ್ಮ ಮನೆಯ ಕಥೆ ಮಾತ್ರ ಆಗಿರಲಿಲ್ಲ. ಸುತ್ತ ಹತ್ತು ಊರಿನಲ್ಲಿ ಇದೇ ಪಾಡು.

ಬೆಂಗಳೂರಿನಲ್ಲಿದ್ದಾಗ ನಾನು ನೋಟ್‌ಬುಕ್ಕಿನಲ್ಲಿ 'ನನಗೆ ಯಾವ ಕೆಲಸ ಇಷ್ಟ' ಅಂತ ಬರೆದು ಬರೆದು ಅಳಿಸುತ್ತಿದ್ದೆ. ಹೋಂಸ್ಟೇ, ಆರ್ಗಾನಿಕ್ ಅಂಗಡಿ, ಕೋರ್ಸು. ಊರಿನಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ ಅನ್ನಿಸಿತು. ಇಲ್ಲಿ ಯಾವ ಕೆಲಸಕ್ಕೆ ಕೈ ಸಾಲುತ್ತಿಲ್ಲ? ಉತ್ತರ ನಮ್ಮ ತೋಟದಲ್ಲೇ ಉದುರಿ ಬಿದ್ದಿತ್ತು.

ದೋಟಿ ನಿನಗೆ ಗೊತ್ತು, ಹಣ್ಣು ಕೊಯ್ಯುವ ಉದ್ದ ಕೋಲು. ಈಗ ಅದು ಕಾರ್ಬನ್ ಫೈಬರಿನಲ್ಲಿ ಬಂದಿದೆ. ಒಂದರೊಳಗೊಂದು ಕೂರುವ ಕೊಳವೆಗಳು, ಎಳೆದರೆ ಅರವತ್ತು ಎಪ್ಪತ್ತು ಅಡಿ ಆಗುತ್ತದೆ. ತುದಿಗೆ ಕತ್ತಿ ಕಟ್ಟಿದರೆ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯಬಹುದು, ನಾಝಲ್ ಕಟ್ಟಿದರೆ ಔಷಧಿ ಹೊಡೆಯಬಹುದು. ನೆಲದ ಮೇಲೆ ನಿಂತೇ. ಒಂದು ಬೈಕಿನಷ್ಟು ದುಡ್ಡು ಕೊಟ್ಟು ತಂದೆ. ತಂದ ಮೊದಲ ವಾರ ಅದನ್ನು ನೆಟ್ಟಗೆ ಹಿಡಿಯಲೂ ಆಗಲಿಲ್ಲ. ತುದಿ ಗಾಳಿಗೆ ಒಂದು ಕಡೆ, ನಾನು ಒಂದು ಕಡೆ.

ಕಲಿಸಿದವರು ನಮ್ಮ ತೋಟಕ್ಕೇ ಮೊದಲು ಬರುತ್ತಿದ್ದ ಹಿರಿಯ ಕೊನೆಗಾರರು. ನಲವತ್ತು ವರ್ಷ ಮರ ಹತ್ತಿದವರು. ಕಾಲಿಗೆ ತಳೆ, ಅಂದರೆ ಹಗ್ಗದ ಬಳೆ, ಹಾಕಿ ಒಂದು ಮರ ಹತ್ತಿದರೆ, ಮೇಲೆಯೇ ಮರ ತೂಗಿ ಪಕ್ಕದ ಮರ ಹಿಡಿದು ದಾಟುತ್ತಾ, ಎಷ್ಟೋ ಮರ ಮುಗಿಸಿ ಕೆಳಗಿಳಿಯುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಹತ್ತುವುದು ಬಿಟ್ಟಿದ್ದರು. ಇಬ್ಬರು ಗಂಡುಮಕ್ಕಳೂ ಬೆಂಗಳೂರಿನಲ್ಲಿದ್ದಾರೆ. ನಾನು ಹೋಗಿ 'ನನಗೆ ಕಲಿಸ್ತೀರಾ?' ಅಂದಾಗ ಬಹಳ ಹೊತ್ತು ನನ್ನ ಕೈಯನ್ನೇ ನೋಡಿದರು.

ಅವರು ಕಲಿಸಿದ್ದು ಏನು ಗೊತ್ತಾ? ಮೊದಲ ಹದಿನೈದು ದಿನ ದೋಟಿ ಮುಟ್ಟಿಸಲೇ ಇಲ್ಲ. ಕತ್ತೆತ್ತಿ ಮರ ನೋಡುವುದಷ್ಟೇ. ಯಾವ ಕೊನೆ ಬಲಿತಿದೆ, ಯಾವುದು ಎಳೆಯದು, ಸೋಗೆ ಯಾವ ಕಡೆ ಬಾಗಿದೆ, ಗಾಳಿ ಎಲ್ಲಿಂದ. ಒಂದು ಎಕರೆಯಲ್ಲಿ ಸುಮಾರು 550 ಮರ ಇರುತ್ತವೆ. ಅಷ್ಟೂ ಮರಕ್ಕೆ ಕತ್ತೆತ್ತಿದರೆ ಸಂಜೆ ಅನ್ನ ನುಂಗಲೂ ಕುತ್ತಿಗೆ ನೋಯುತ್ತದೆ. ಔಷಧಿ ಹೊಡೆಯುವಾಗ 'ಬೆಂಕಿ ಆರಿಸಿದ ಹಾಗೆ ಹೊಡೀಬೇಡಿ, ಇಬ್ಬನಿ ಕೂತ ಹಾಗೆ ಕೂರಬೇಕು' ಅನ್ನುತ್ತಿದ್ದರು. ಮೊದಮೊದಲು ನನ್ನನ್ನು 'ನೀವು, ತಾವು' ಅನ್ನುತ್ತಿದ್ದರು. ಒಂದು ದಿನ ನಾನು ಮೇಲೆ ನೋಡದೆ ದೋಟಿ ಎತ್ತಿದೆ. ಆಚೆ ಕರೆಂಟಿನ ತಂತಿ ಇತ್ತು. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ, ತಾಗಿದ್ದರೆ ಅಲ್ಲೇ ಮುಗಿದಿತ್ತು. ಅವರು ಓಡಿಬಂದು ನನ್ನ ರಟ್ಟೆ ಹಿಡಿದು 'ಸಾಯ್ತೀಯೇನೋ ನೀನು!' ಅಂತ ಕೂಗಿದರು. ಆಮೇಲೆ ಯಾವತ್ತೂ ಅವರು ನನಗೆ 'ನೀವು' ಅನ್ನಲಿಲ್ಲ. ಅವತ್ತಿನಿಂದ ನಾನು ಅವರ ಶಿಷ್ಯ. ಈಗ ಯಾವ ತೋಟಕ್ಕೆ ಹೋದರೂ ಮೊದಲು ಸುತ್ತು ಹಾಕಿ ತಂತಿ ಎಲ್ಲೆಲ್ಲಿದೆ ನೋಡುತ್ತೇನೆ, ಹತ್ತಿರವಿದ್ದರೆ ಆ ಸಾಲು ಮುಟ್ಟುವುದಿಲ್ಲ.

ನಿನಗೆ ಇನ್ನೊಂದು ಹೇಳಲೇಬೇಕು. ಬೇರೆಯವರ ತೋಟಕ್ಕೆ ಕೊನೆ ಕೊಯ್ಯಲು ಮೊದಲು ಹೋದದ್ದು ಆ ವರ್ಷ ನವೆಂಬರಿನಲ್ಲಿ. ನಾವು ನಾಲ್ಕು ಜನ. ಮಧ್ಯಾಹ್ನ ಆ ಮನೆಯ ಯಜಮಾನರು ನನ್ನೊಬ್ಬನನ್ನೇ ಒಳಗೆ ಕರೆದರು. 'ನೀವು ಬನ್ನಿ, ನಿಮ್ಮ ತಂದೆ ನಮಗೆ ಬೇಕಾದವರು' ಅಂದರು. ಉಳಿದ ಮೂವರಿಗೆ ಅಂಗಳದಾಚೆ ಅಡಿಕೆ ಚಪ್ಪರದ ಕೆಳಗೆ ಎಲೆ ಹಾಕಿದ್ದರು. ನಾನು ಒಳಗೆ ಹೋದೆ. ಅದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. 'ಇಷ್ಟು ಓದಿ ಇದೆಲ್ಲ ಯಾಕೆ ನಿಮಗೆ?' ಅಂತ ಅವರು ಪ್ರೀತಿಯಿಂದಲೇ ಕೇಳಿದರು, ಹೋಳಿಗೆ ಬಡಿಸಿದರು. ನಾನು ಹೊರಗೆ ಬಂದಾಗ ಮೂವರೂ ಎಲೆ ಎತ್ತಿ ದೋಟಿ ಒರೆಸುತ್ತಿದ್ದರು. ಸಂಜೆಯವರೆಗೂ ಕೆಲಸದ ಮಾತು ಬಿಟ್ಟರೆ ಯಾರೂ ನನ್ನ ಜೊತೆ ಮಾತಾಡಲಿಲ್ಲ.

ಆ ರಾತ್ರಿ ನನಗೆ ಅರ್ಥವಾಯಿತು. ಕಂಪನಿ ನನ್ನನ್ನು ಬಿಟ್ಟಿತ್ತು, ನಾನು ಇನ್ನೂ ಆ ಕುರ್ಚಿಯಲ್ಲೇ ಕೂತಿದ್ದೆ. ಮಾರನೇ ದಿನ ಬೇರೆ ಮನೆ. ಕರೆಯುವ ಮೊದಲೇ 'ನಮಗೆ ನಾಲ್ಕೂ ಜನಕ್ಕೆ ಒಟ್ಟಿಗೇ ಹಾಕಿ' ಅಂದೆ. ಈಗ ಕೆಲವು ಮನೆಯಲ್ಲಿ ಎಲ್ಲರ ಎಲೆಯೂ ಜಗುಲಿಗೆ ಬರುತ್ತದೆ, ಕೆಲವು ಮನೆಯಲ್ಲಿ ಎಲ್ಲರದ್ದೂ ಚಪ್ಪರದ ಕೆಳಗೆ.

ಇನ್ನು ಔಷಧಿ. ಇದನ್ನು ಬರೆಯುವಾಗ ನನಗೆ ಖುಷಿಯಾಗುತ್ತದೆ, ಸ್ವಲ್ಪ ಉದ್ದವಾದರೂ ಓದು. ಒಂದು ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್) 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿದು ಕದಡುತ್ತಾ ಇರಬೇಕು. ಮಳೆಗಾಲ ಮುಗಿದ ಮೇಲಿನ ಆಕಾಶದ ಬಣ್ಣ ಬರುತ್ತದೆ. ಅದಕ್ಕೆ ಕತ್ತಿಯ ಅಲಗು ಅದ್ದಿ ನೋಡುವುದು. ಅಲಗಿನ ಮೇಲೆ ಕೆಂಪು ಕೂತರೆ ತುತ್ತ ಜಾಸ್ತಿ, ಇನ್ನಷ್ಟು ಸುಣ್ಣ ಬೇಕು. ಮಾಡಿದ ದಿನವೇ ಹೊಡೆದು ಮುಗಿಸಬೇಕು. ಇದೇ ಬೋರ್ಡೋ ದ್ರಾವಣ. ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ 1885ರ ಹೊತ್ತಿಗೆ ಹುಟ್ಟಿದ್ದು. ನಮ್ಮ ಅಡಿಕೆಗೆ ಅದನ್ನು ತಂದ ಕೀರ್ತಿ ಲೆಸ್ಲಿ ಕೋಲ್ಮನ್ ಅವರದ್ದು. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದವರು, 1910ರಲ್ಲಿ ಕೊಳೆರೋಗದ ಮೇಲೆ ಪುಸ್ತಿಕೆ ಬರೆದರು. ಅದಕ್ಕೆ ಮೊದಲು ನಮ್ಮವರು ಒಂದೊಂದು ಕೊನೆಗೂ ಒಣಹುಲ್ಲಿನ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ನಮ್ಮ ಗುರುಗಳಿಗೆ ಅವರ ಅಜ್ಜ ಕೊಟ್ಟೆ ಕಟ್ಟುತ್ತಿದ್ದ ಕಥೆ ನೆನಪಿದೆ. ಹಂಡೆಯ ಮುಂದೆ ಕೂತು ಅವರು ಅದನ್ನು ಹೇಳುವಾಗ, ಈ ಕೆಲಸ ನನಗಿಂತ ಎಷ್ಟು ಹಳೆಯದು ಅನ್ನಿಸಿ ಮನಸ್ಸು ಹಗುರಾಗುತ್ತದೆ.

ಹಳೆಯ ಕೆಲಸ ಪೂರ್ತಿ ದಂಡವಾಯಿತು ಅಂತ ನೀನು ನಿನ್ನೆ ಅತ್ತೆ. ಹಾಗಾಗುವುದಿಲ್ಲ. ನಾನು ಪ್ಲಾನಿಂಗಿನಲ್ಲಿ ಇದ್ದವನು ಅಲ್ವಾ. ಮೊದಲ ಔಷಧಿ ಮಳೆ ಹಿಡಿಯುವ ಮೊದಲು, ಎರಡನೆಯದು ನಲವತ್ತು ನಲವತ್ತೈದು ದಿನಕ್ಕೆ, ಅದೂ ಮಳೆ ಹೊಳವಾದ, ಅಂದರೆ ಸ್ವಲ್ಪ ಬಿಡುವು ಕೊಟ್ಟ, ಹೊತ್ತಿನಲ್ಲಿ. ಎಲ್ಲರಿಗೂ ಒಂದೇ ವಾರ ಬೇಕು. ಯಾರ ತೋಟ ತಗ್ಗಿನಲ್ಲಿದೆ, ಎಲ್ಲಿ ಹೋದ ವರ್ಷ ಕೊಳೆ ಬಂದಿತ್ತು, ಯಾವ ದಾರಿಯಲ್ಲಿ ಜೀಪು ಹೂಳುತ್ತದೆ, ಇದನ್ನೆಲ್ಲ ಈಗ ಒಂದು ಶೀಟಿನಲ್ಲಿ ಇಟ್ಟಿದ್ದೇನೆ.

ಆ ಶೀಟು ಮಾಡಲು ಕಲಿಸಿದ್ದು ನನ್ನದೇ ಒಂದು ತಪ್ಪು. ಮೊದಲ ಮಳೆಗಾಲದಲ್ಲಿ ಯಾರಿಗೂ ಇಲ್ಲ ಅನ್ನದೆ ಮೂವತ್ತು ತೋಟ ಒಪ್ಪಿಕೊಂಡೆ. ಜುಲೈಯಲ್ಲಿ ಮಳೆ ಹೊಳವು ಕೊಡಲಿಲ್ಲ. ಒಂದು ಮನೆಗೆ ಎರಡನೇ ಔಷಧಿ ಹೊಡೆಯಲು ಹೋಗುವಷ್ಟರಲ್ಲಿ ಕೊಳೆ ಕೂತಿತ್ತು. ಆ ಮನೆಯಲ್ಲಿ ಗಂಡಸರಿಲ್ಲ. ಅಕ್ಕ ಒಬ್ಬರೇ ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಬಗ್ಗಿ ಉದುರಿದ ಕಾಯಿ ಆರಿಸುತ್ತಿದ್ದರು. ನನ್ನನ್ನು ನೋಡಿ ಬೈಯಲಿಲ್ಲ. 'ಬಂದ್ಯಾ ತಮ್ಮಾ, ಚಾ ಕುಡೀತೀಯಾ?' ಅಂದರು. ನಾನು ಮೊದಲ ಔಷಧಿಯ ದುಡ್ಡನ್ನೂ ವಾಪಸ್ ಕೊಟ್ಟೆ. ಅವರ ನಷ್ಟದ ಮುಂದೆ ಅದು ಏನೂ ಅಲ್ಲ. ಕಂಪನಿಯಲ್ಲಿ ಡೆಡ್‌ಲೈನ್ ತಪ್ಪಿದರೆ ಒಂದು ಮೇಲ್ ಬರೆಯುತ್ತಿದ್ದೆ. ಹೋದ ವರ್ಷ ಇಪ್ಪತ್ತೆರಡು ತೋಟಕ್ಕೆ ನಿಲ್ಲಿಸಿದೆ. ಮೊದಲ ದಿನ ಹೋದದ್ದು ಆ ಅಕ್ಕನ ತೋಟಕ್ಕೆ.

ವರಮಾನ ಎಷ್ಟು ಅಂತ ನೀನು ಕೇಳಿದ್ದೆ. ಮೊದಲ ವರ್ಷ ಹಳೆಯ ಸಂಬಳದ ಐದನೇ ಒಂದು ಭಾಗವೂ ಆಗಲಿಲ್ಲ. ಈಗ ಔಷಧಿ, ಕೊಯ್ಲು ಎರಡೂ ಸೇರಿ ಮೂರನೇ ಒಂದು ಭಾಗದ ಹತ್ತಿರ ಬಂದಿದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕೈ ಖಾಲಿ. ಹೆಂಡತಿ, ಮಗಳು ಈಗ ಶಿವಮೊಗ್ಗದಲ್ಲಿದ್ದಾರೆ, ವಾರಕ್ಕೊಮ್ಮೆ ಹೋಗುತ್ತೇನೆ. ಸಾಲ ಇನ್ನೂ ಇದೆ. ಇದನ್ನೆಲ್ಲ ಮುಚ್ಚಿಟ್ಟು ನಿನ್ನನ್ನು ಕರೆಯಲಾರೆ. ನೀನು ದೋಟಿಯನ್ನೇ ಹಿಡಿಯಬೇಕು ಅಂತಲೂ ನನ್ನ ಆಸೆಯಲ್ಲ. ಇಡಿಗಂಟು ತಂದು ಜಮೀನು ಕೊಳ್ಳಬೇಡ, ಅಂಗಡಿ ತೆರೆಯಬೇಡ. ಒಂದು ವರ್ಷ ಯಾರಾದರೂ ಬಲ್ಲವರ ಕೈಕೆಳಗೆ ಕೂತು ಕಲಿ, ಅಷ್ಟೇ.

ಹೋದ ತಿಂಗಳು ಅಪ್ಪನ ಜೊತೆ ಅಡಿಕೆ ಮಾರುವ ಸಹಕಾರ ಸಂಘ ಮಾಮ್ಕೋಸಿಗೆ ಹೋಗಿದ್ದೆ. ಅಡಿಕೆ ಮೂಟೆ ಇಳಿಸುವಾಗ ಅಪ್ಪನ ಹಳೆಯ ಪರಿಚಯದವರೊಬ್ಬರು 'ಮಗ ಈಗ ಎಲ್ಲಿದ್ದಾನೆ?' ಅಂತ ಕೇಳಿದರು. ನಾನು ಆ ಕಡೆ ತಿರುಗಿದೆ. ಅಪ್ಪ ಅಂದರು, 'ಇಲ್ಲೇ ಇದ್ದಾನೆ, ಔಷಧಿ ಹೊಡೀತಾನೆ. ನಿಮಗೆ ಬೇಕಿದ್ರೆ ಈಗಲೇ ಹೇಳಿ, ಆಮೇಲೆ ಸಿಗೋಲ್ಲ.' ಮೂಟೆ ಹಿಡಿದ ನನ್ನ ಕೈ ಒಂದು ಕ್ಷಣ ನಿಂತುಹೋಯಿತು.

ಮೇ ಕೊನೆಯ ವಾರ ಬಾ ಮಾರಾಯ. ರಾತ್ರಿ ರೈಲು ಹತ್ತಿದರೆ ಬೆಳಗಿನ ಜಾವ ಶಿವಮೊಗ್ಗ, ನಾನೇ ಬಂದು ಕರೆದುಕೊಂಡು ಬರುತ್ತೇನೆ. ದೋಟಿ ಹಿಡಿಯಲು ಬಿಡುವುದಿಲ್ಲ, ಹದಿನೈದು ದಿನ ಕತ್ತೆತ್ತಿ ನೋಡಬೇಕು. ಸುಣ್ಣ ಕದಡುವ ಕೆಲಸ ನಿನ್ನದು. ಮಕ್ಕಳನ್ನೂ ಕರೆದುಕೊಂಡು ಬಾ. ಹಳೆಯ ಅಂಗಿ ತಾ, ಮೈಲುತುತ್ತದ ಕಲೆ ಏನು ಮಾಡಿದರೂ ಹೋಗುವುದಿಲ್ಲ.

ನಿನ್ನ ದಾರಿ ಕಾಯುತ್ತಾ,
ನಿನ್ನ ಗೆಳೆಯ