ಮೈಸೂರಿನ ದೊಡ್ಡ ಗಡಿಯಾರ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಮೈಸೂರಿಗೆ ಬಂದರೆ ಅರಮನೆಯ ಆಸುಪಾಸಿನಲ್ಲಿ ಮತ್ತೇನು ನೋಡಬೇಕೆಂದು ಕೇಳಿದ್ದೀಯ. ಪುರಭವನದ ಬಳಿಯಿರುವ ದೊಡ್ಡ ಗಡಿಯಾರವನ್ನು ಬಿಡದೆ ನೋಡು. ಊರಿನವರು ಅದನ್ನು ದಾರಿ ಹೇಳುವಾಗ ನೆನೆಯುತ್ತಾರೆಯೇ ಹೊರತು ತಲೆಯೆತ್ತಿ ನೋಡುವವರು ಕಡಿಮೆ.

ನಾಲ್ವಡಿ ಕೃಷ್ಣರಾಜ ಒಡೆಯರು ಬಾಲಕರಾಗಿದ್ದಾಗಲೇ ಪಟ್ಟಕ್ಕೆ ಬಂದಿದ್ದರೂ ತಾಯಿ ವಾಣಿವಿಲಾಸ ಸನ್ನಿಧಾನದವರಿಂದ ಆಡಳಿತವನ್ನು ವಹಿಸಿಕೊಂಡದ್ದು 1902ರಲ್ಲಿ. ಆ ಆಳ್ವಿಕೆಗೆ ಇಪ್ಪತ್ತೈದು ವರ್ಷ ತುಂಬಿದ 1927ರಲ್ಲಿ ಅರಮನೆಯ ನೌಕರರು ತಾವೇ ಹಣ ಕೂಡಿಸಿ, ದೊರೆಯ ಮೇಲಿನ ಗೌರವಕ್ಕಾಗಿ ಈ ಗೋಪುರವನ್ನು ಎತ್ತಿಸಿದರು. ಸಾಮಾನ್ಯವಾಗಿ ದೊರೆಗಳು ಕಟ್ಟಿಸಿದ್ದನ್ನು ಸೇವಕರು ಕಾಯುತ್ತಾರೆ. ಇಲ್ಲಿ ಸೇವಕರೇ ಕಟ್ಟಿಸಿದರೆಂಬುದು ನನಗೆ ಅದರ ಎತ್ತರಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎತ್ತರವೂ ಕಡಿಮೆಯೇನಲ್ಲ, ಸುಮಾರು 75 ಅಡಿ.

ಶೈಲಿ ಇಂಡೋ-ಸಾರ್ಸೆನಿಕ್, ಅಂದರೆ ಭಾರತೀಯ, ಇಸ್ಲಾಮಿ ಮತ್ತು ಯುರೋಪಿಯನ್ ಕಟ್ಟಡಕಲೆಗಳು ಬೆರೆತದ್ದು. 1897ರ ಬೆಂಕಿಯಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ ಬ್ರಿಟಿಷ್ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಹೊಸ ಅರಮನೆಗೆ ತಂದ ಕಮಾನು ಗುಮ್ಮಟಗಳ ಭಾಷೆಯನ್ನೇ ಈ ಗೋಪುರವೂ ಆಡುತ್ತದೆಯಾದ್ದರಿಂದ, ಅರಮನೆಯ ಒಂದು ತುಂಡು ಬೀದಿಗೆ ಬಂದು ನಿಂತಂತೆ ತೋರುತ್ತದೆ. ಮುಖಫಲಕದ ಮೇಲಿನ ಅಂಕಿಗಳು ರೋಮನ್ ಅಲ್ಲ, ಕನ್ನಡದವು. ಗಡಿಯಾರವೆಂದರೆ ಇಂಗ್ಲಿಷರ ಠೀವಿಯೆಂದು ನಂಬಿದ್ದ ಕಾಲದಲ್ಲಿ ೧ರಿಂದ ೧೨ರವರೆಗೆ ನಮ್ಮ ಅಂಕಿಗಳನ್ನೇ ಬರೆಸಿದವರಿಗೆ ಒಳ್ಳೆಯ ಧೈರ್ಯವಿತ್ತು.

ಆದರೆ ಅದರ ಗಂಟೆ ಈಗ ಬಾರಿಸುವುದಿಲ್ಲ. ನಾದದ ಕಂಪನದಿಂದ ಗೋಡೆಗಳು ಬಿರುಕು ಬಿಡುತ್ತವೆಂದು ದಶಕಗಳ ಹಿಂದೆಯೇ ಅದನ್ನು ನಿಲ್ಲಿಸಿದರು. ಭಾರವಾದ ಗಂಟೆಯೊಂದು ತೆಳುವಾಗಿ ಮೇಲೇರಿದ ಕಟ್ಟಡದ ತುದಿಯಲ್ಲಿ ಗಂಟೆಗೊಮ್ಮೆ ಬಡಿದುಕೊಂಡರೆ, ಆ ಅದುರು ಪೂರ್ತಿ ಇಳಿಯುವುದು ಗೋಡೆಯೊಳಕ್ಕೇ. ನಿರ್ಧಾರ ಸರಿಯೇ, ಆದರೂ ನಷ್ಟ ಸಣ್ಣದಲ್ಲ. ಮುಳ್ಳುಗಳು ಎದುರಿಗೆ ನಿಂತವನಿಗಷ್ಟೇ ಹೊತ್ತು ಹೇಳುತ್ತವೆ, ಗಂಟೆಯಾದರೋ ಅಂಗಡಿಯೊಳಗಿದ್ದವನಿಗೂ ಅಡುಗೆಮನೆಯಲ್ಲಿದ್ದವಳಿಗೂ ಹೇಳುತ್ತಿತ್ತು. ಇನ್ನು ದುರಸ್ತಿಯ ಮಾತು: ಇಂಥ ಹಳೆಯ ಕಟ್ಟಡಗಳ ಬಿರುಕಿಗೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು ಗೋಡೆಯನ್ನು ತಿನ್ನುತ್ತದೆ, ಸುಣ್ಣದ ಗಾರೆಯೇ ಆಗಬೇಕು, ಅದಕ್ಕೆ ಸಮಯವೂ ನುರಿತ ಕೈಯೂ ಬೇಕು.

ಇದನ್ನು ನೋಡಿದ ಮೇಲೆ ದೇವರಾಜ ಮಾರುಕಟ್ಟೆಯ ಪಕ್ಕದ ಚಿಕ್ಕ ಗಡಿಯಾರಕ್ಕೂ ನಡೆದು ಹೋಗು, ದೂರವೇನಿಲ್ಲ. ಅದು ಇದಕ್ಕಿಂತ ಹಿರಿಯದು. ವೈಸ್‌ರಾಯ್ ಲಾರ್ಡ್ ಡಫರಿನ್ ಮೈಸೂರಿಗೆ ಬಂದ ನೆನಪಿಗೆ 1886ರಲ್ಲಿ ಕಟ್ಟಿದ್ದು. ಡಫರಿನ್ ಹೆಸರು ಕಾಗದದಲ್ಲಿ ಉಳಿದಿದೆ, ಜನರ ಬಾಯಲ್ಲಿ ಅದು ಚಿಕ್ಕ ಗಡಿಯಾರವಷ್ಟೇ. ಬೆಳಗಿನ ಹೊತ್ತಿಗೆ ಹೋದರೆ ಮಾರುಕಟ್ಟೆಯ ಹೂವಿನ ಸಾಲನ್ನೂ ನೋಡಿಕೊಂಡು ಬರಬಹುದು.

ಇಂತಿ ನಿನ್ನ ಗೆಳೆಯ