ಹುಲ್ಲಿನಡಿಯ ಬಿಳಿ ಚೂರುಗಳು

ಪ್ರೀತಿಯ ರಾಘು,

ಮಗಳ ಮನೆಗೆಂದು ಬಾಸ್ಟನ್‌ಗೆ ಬಂದು ಮೂರು ವಾರವಾಯಿತು. ಫೋನಿನಲ್ಲಿ ನಿನಗೆ ಹೇಳಲು ನಾಲ್ಕು ಸಲ ಬಾಯಿ ತೆರೆದು ಸುಮ್ಮನಾದ ಮಾತೊಂದಿದೆ. ಎಲ್ಲರೂ ಓದುವ ಕಡೆ ಬರೆದರೆ ಮತ್ತೆ ಅದನ್ನು ನುಂಗಲಾಗದು ಎಂದು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಬ್ಯಾಚಿನವರೂ ಓದಲಿ. ನಾವು ‘ಜಿಲ್ಲಾಧಿಕಾರಿ’ ಎಂದು ಕರೆಯುತ್ತಿದ್ದ ಕೊನೆಯ ಬೆಂಚಿನವನು ಮೊದಲು ಓದಲಿ.

ಮೊನ್ನೆ ಹಾರ್ವರ್ಡ್‌ನ ಹಳೆಯ ಅಂಗಳದಲ್ಲಿ ಸುತ್ತಾಡಿದೆವು. 1636ರಲ್ಲಿ ಹುಟ್ಟಿದ ಕಾಲೇಜು ಅದು. ಮ್ಯಾಥ್ಯೂಸ್ ಹಾಲ್ ಹತ್ತಿರದ ಹುಲ್ಲುಹಾಸನ್ನು ತೋರಿಸಿ, ಇದರ ಅಡಿಯಲ್ಲಿ 2005ರಿಂದ ವಿದ್ಯಾರ್ಥಿಗಳೇ ಉತ್ಖನನ ನಡೆಸಿದ್ದಾರೆ ಎಂದಳು ಮಗಳು. ಅಚ್ಚುಮೊಳೆಗಳು, ಬಾಟಲಿಯ ಚೂರುಗಳು ಸಿಕ್ಕಿವೆಯಂತೆ. ಜೊತೆಗೆ ಬಿಳಿ ಜೇಡಿಮಣ್ಣಿನ ಪೈಪುಗಳ ಮುರುಕುಗಳು. ಹೊಗೆಸೊಪ್ಪು ಸೇದುವ ಪೈಪು!

ಹದಿನೇಳನೆಯ ಶತಮಾನದ ಆ ಕಾಲೇಜಿನ ನಿಯಮ ಕೇಳು. ವೈದ್ಯನು ತಕ್ಕ ಕಾರಣ ಕೊಡಬೇಕು, ತಂದೆತಾಯಿ ಒಪ್ಪಬೇಕು, ಅಧ್ಯಕ್ಷರ ಅನುಮತಿ ಬೇಕು. ಇಷ್ಟೆಲ್ಲ ಆದ ಮೇಲೂ ಸದ್ದಿಲ್ಲದೆ, ಮರೆಯಲ್ಲಿ ಸೇದಬೇಕು. ಅಷ್ಟೊಂದು ಹುಡುಗರಿಗೆ ಯಾವ ವೈದ್ಯ ಚೀಟಿ ಬರೆದುಕೊಟ್ಟನೋ!

ಆ ಚೂರುಗಳ ವಯಸ್ಸು ಹೇಳುವ ಬಗೆಗೆ ನಾನು ಮಾರುಹೋದೆ. ವರ್ಷಗಳು ಕಳೆದಂತೆ ಪೈಪಿನ ನಳಿಗೆ ಉದ್ದವಾಯಿತು, ಒಳಗಿನ ರಂಧ್ರ ಕಿರಿದಾಯಿತು. ಅಂಗುಲವನ್ನು 64 ಪಾಲು ಮಾಡಿದರೆ, ಹದಿನೇಳನೆಯ ಶತಮಾನದ ಆರಂಭದಲ್ಲಿ ರಂಧ್ರ ಸುಮಾರು 9 ಪಾಲಿನಷ್ಟಿತ್ತು. ಹದಿನೆಂಟನೆಯದರ ಕೊನೆಗೆ 4ಕ್ಕೆ ಇಳಿದಿತ್ತು. 1954ರಲ್ಲಿ ಹ್ಯಾರಿಂಗ್ಟನ್ ಎಂಬ ಪುರಾತತ್ವಜ್ಞ ಇದನ್ನು ಕಂಡುಕೊಂಡ. ಚೂರುಗಳಿಗೆ ಡ್ರಿಲ್ಲಿನ ಮೊನೆ ತೂರಿಸಿ ನೋಡಿದರೆ ಕಾಲದ ಅಂದಾಜು ಸಿಗುತ್ತದೆ.

ಯಾರು ಸೇದಿದರು ಎಂಬುದು ಮಾತ್ರ ತಿಳಿಯುವುದಿಲ್ಲ.

ಅಲ್ಲೇ ಮೂಲನಿವಾಸಿ ಹುಡುಗರಿಗೆಂದು ಇಟ್ಟಿಗೆಯ ಕಟ್ಟಡವೊಂದು ಇತ್ತು. ವಾಂಪನೋಗ್ ಜನಾಂಗದ ಕೇಲಬ್ ಚೀಶಾಟೋಮಕ್ 1665ರಲ್ಲಿ ಪದವಿ ಪಡೆದ. ಮರುವರ್ಷವೇ ಕ್ಷಯದಿಂದ ತೀರಿಕೊಂಡ. ಹೊಗೆಸೊಪ್ಪು ಅವನಂಥವರ ನೆಲದ ಬೆಳೆ, ಅವರ ಹಿರಿಯರಿಗೆ ಪವಿತ್ರವಾದ ಎಲೆ. ಅದನ್ನು ಮುಟ್ಟಲು ಅವನೂ ಪರರ ಅನುಮತಿ ಬೇಡಬೇಕಾಗಿತ್ತು ಎಂದು ನೆನೆದು ಬಹಳ ಹೊತ್ತು ಅಲ್ಲಿಯೇ ನಿಂತೆ. ಒಬ್ಬನ ಪೈಪನ್ನು ಇನ್ನೊಬ್ಬನ ತಲೆಗೆ ಕಟ್ಟಿದ್ದೂ ಅಲ್ಲಿ ನಡೆದಿರಬಹುದು ಅಲ್ಲವೇ?

ಆ ಯೋಚನೆ ಬಂದದ್ದೇ ನನ್ನ ಕೈಕಾಲು ತಣ್ಣಗಾದವು, ರಾಘು.

ಅಂದು ನಮ್ಮ ಹಾಸ್ಟೆಲು ಕೋಣೆಯ ಕಿಟಕಿಯ ಕೆಳಗೆ ಸಿಕ್ಕ ಬಿಸ್ಕತ್ತಿನ ಡಬ್ಬಿ, ಅದರ ತುಂಬ ಸಿಗರೇಟಿನ ತುಂಡು. ಅದು ನನ್ನದೆಂದು ನಿನಗೆ ಗೊತ್ತು. ‘ನನ್ನದು ಸಾರ್’ ಎಂದು ನೀನೇ ಮುಂದೆ ಬಂದೆ. ಹಾಸ್ಟೆಲು ಬಿಟ್ಟು, ಸೋದರಮಾವನ ಮನೆಯಿಂದ ದಿನಕ್ಕೆ ನಾಲ್ಕು ಗಂಟೆ ಬಸ್ಸಿನಲ್ಲಿ ಓಡಾಡಿದೆ. ನಾನು ಸುಮ್ಮನಿದ್ದೆನೆಂದು ಇಷ್ಟು ವರ್ಷ ನಂಬಿದ್ದೀಯೆ. ಆ ಸಂಜೆ ವಾರ್ಡನ್ ನನ್ನೊಬ್ಬನನ್ನೇ ಕರೆದು, ‘ನಿಜವಾಗಿಯೂ ಅವನದೇನಾ? ನೀನು ಅಲ್ಲವೆಂದರೆ ಅವನನ್ನು ಇಲ್ಲೇ ಉಳಿಸಿಕೊಳ್ಳುತ್ತೇನೆ’ ಎಂದರು. ನಾನು, ‘ಹೌದು ಸಾರ್, ಅವನದೇ’ ಎಂದೆ.

ಆ ತಿಂಗಳು ಅಪ್ಪ ಹಸು ಮಾರಿ ನನ್ನ ಫೀಸು ಕಟ್ಟಿದ್ದರು. ಕಾರಣವೆಂದು ಹೇಳುತ್ತಿಲ್ಲ. ನಿನ್ನ ಅಪ್ಪನಿಗಂತೂ ಮಾರಲು ಹಸುವೂ ಇರಲಿಲ್ಲ.

ಇಷ್ಟು ಬರೆಯಬೇಕೆಂದು ಕುಳಿತವನಲ್ಲ. ಇರಲಿ, ಅಳಿಸುವುದಿಲ್ಲ.

ಇಲ್ಲಿ ಮೇಪಲ್ ಎಲೆಗಳು ಕೆಂಪಾಗಿವೆ. ಮೊಮ್ಮಗಳು ‘ತಾತ, ಅ ಆ ಇ’ ಎಂದು ಕಾಗದ ಎಳೆಯುತ್ತಿದ್ದಾಳೆ. ಡಿಸೆಂಬರಿನಲ್ಲಿ ಬರುತ್ತೇನೆ. ಬೈಯುವುದನ್ನೆಲ್ಲ ಅಲ್ಲಿಯವರೆಗೆ ಕೂಡಿಟ್ಟುಕೋ. ಕೆರೆಯೇರಿಯ ಹೋಟೆಲಿನಲ್ಲಿ ಕುಳಿತು ಕೇಳುತ್ತೇನೆ. ಎರಡು ಇಡ್ಲಿ, ಚಟ್ನಿ ಬೇರೆ.

ನಿನ್ನ,
ಹದಿನೇಳನೇ ಕೋಣೆಯವನು