ಮಳೆಯ ನಡುವಿನ ತಮ್ಮ ಹೊಳವನ್ನು ನಮಗೆ ಬಿಟ್ಟುಕೊಟ್ಟವರಿಗೆ

ಈ ವರ್ಷ ಮಘೆ ಮಳೆ ಮುಗಿಯುವವರೆಗೂ ನಮ್ಮ ಮನೆಯೊಳಗೆ ಸೋರುವ ಜಾಗಕ್ಕೆಂದು ಒಂದೇ ಒಂದು ಪಾತ್ರೆಯನ್ನೂ ಇಡಬೇಕಾಗಿ ಬರಲಿಲ್ಲ. ತೀರ್ಥಹಳ್ಳಿ ಸೀಮೆಯ ಹೆಂಚಿನ ಮನೆಗಳಲ್ಲಿ ಬೆಳೆದವರಿಗೆ ಈ ಒಂದು ವಾಕ್ಯದ ತೂಕ ಎಷ್ಟೆಂಬುದು ಗೊತ್ತಿರುತ್ತದೆ. ಕಳೆದ ವರ್ಷ ಇದೇ ಮನೆಯ ಅಡುಗೆಕೋಣೆಯ ಮಾಡು ನಡುರಾತ್ರಿ ಕುಸಿದಾಗ ನಮ್ಮ ಬಳಿಗೆ ಓಡಿ ಬಂದವರಿಗೆ ಆಗ ಸರಿಯಾಗಿ ಒಂದು ಮಾತು ಹೇಳುವ ಸ್ಥಿತಿಯಲ್ಲಿ ಅಮ್ಮನಾಗಲಿ ನಾನಾಗಲಿ ಇರಲಿಲ್ಲ. ಒಂದು ಪೂರ್ತಿ ಮಳೆಗಾಲವನ್ನು ಮನೆ ತಾಳಿಕೊಂಡ ಮೇಲೆಯೇ ಬರೆಯಬೇಕೆಂದು ಕಾದಿದ್ದೆ. ಈಗ ಬರೆಯುತ್ತಿದ್ದೇನೆ.

ಅಜ್ಜ ಕಟ್ಟಿಸಿದ ಈ ಮನೆಗೆ ತೊಂಬತ್ತು ವರ್ಷ ಸಮೀಪಿಸುತ್ತಿದೆ. ಮಣ್ಣಿನ ಗೋಡೆ, ಹಲಸಿನ ತೊಲೆ, ಇಳಿಜಾರಿಗೆ ಬಗನೆಯ ಪಕಾಸಿ, ಅದರ ಮೇಲೆ ಅಡ್ಡಲಾಗಿ ಅಡಿಕೆ ದಬ್ಬೆಯ ರೀಪು, ಮೇಲೆ ಮಂಗಳೂರು ಹೆಂಚು. ಅಪ್ಪ ಇದ್ದಷ್ಟು ಕಾಲ ಪ್ರತಿ ವರ್ಷ ಮೇ ತಿಂಗಳಲ್ಲಿ, ರೋಹಿಣಿ ಮಳೆ ಹಿಡಿಯುವ ಮೊದಲೇ, ಮಾಡಿನ ಮೇಲೆ ಹತ್ತಿ ಹೆಂಚು ಕೈಯಾಡಿಸುತ್ತಿದ್ದರು. ಒಡೆದದ್ದನ್ನು ತೆಗೆದು ಬೇರೆಯದನ್ನು ಹಾಕುವುದು, ಸಂದಿನಲ್ಲಿ ಕೂತ ತರಗೆಲೆಯನ್ನೂ ಪಾಚಿಯನ್ನೂ ಕೆರೆದು ತೆಗೆಯುವುದು, ಮಂಗಗಳು ಓಡಾಡಿ ಜರುಗಿಸಿದ ಸಾಲುಗಳನ್ನು ಮತ್ತೆ ಕೂರಿಸುವುದು, ಎಲ್ಲವೂ ಅವರದೇ ಕೆಲಸವಾಗಿತ್ತು. 2024ರ ಮಾರ್ಚ್‌ನಲ್ಲಿ ಅಪ್ಪ ತೀರಿಕೊಂಡರು. ಆ ಮೇ ತಿಂಗಳಲ್ಲಿ ಯಾರೂ ಮಾಡು ಹತ್ತಲಿಲ್ಲ. ಹತ್ತಬೇಕೆಂಬುದು ನಮಗೆ ನೆನಪಾಗಲೂ ಇಲ್ಲ.

ಅದೇ ಮಳೆಗಾಲದಲ್ಲಿ ನಮ್ಮ ಕೆಂಚಿ ಎಂಬ ಬೆಕ್ಕು ಅಡುಗೆಕೋಣೆಯ ಅಟ್ಟದಲ್ಲಿ ನಾಲ್ಕು ಮರಿ ಹಾಕಿತ್ತು. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ನಮ್ಮ ಕಡೆ ಹೇಳುತ್ತಾರಾದ್ದರಿಂದ, ಪುನರ್ವಸು ಮಳೆಯ ಒಂದು ರಾತ್ರಿ ಅದು ಮರಿಗಳನ್ನು ಕಚ್ಚಿಕೊಂಡು ಇಳಿಸಿ ನಡುಮನೆಯ ಪೆಟ್ಟಿಗೆಯ ಹಿಂದೆ ಇಡುತ್ತಿದ್ದುದನ್ನು ಕಂಡು ಅಮ್ಮ ವಿಶೇಷವೆಂದೇನೂ ಭಾವಿಸಲಿಲ್ಲ. ಮೂರನ್ನು ತಂದ ಮೇಲೆ ಕೆಂಚಿ ಅಟ್ಟದ ಏಣಿಯ ಬುಡದಲ್ಲಿ ನಿಂತು ಮೇಲೆ ನೋಡುತ್ತಾ ಕೂಗತೊಡಗಿತು. ಟಾರ್ಚು ಹಿಡಿದು ಹತ್ತಿದಾಗ ಮರಿಗಳಿದ್ದ ಹುಲ್ಲು ಹಿಂಡಿದರೆ ನೀರು ಬರುವಷ್ಟು ತೊಯ್ದಿತ್ತು, ಮತ್ತು ನಾಲ್ಕನೆಯ ಮರಿಯ ಕೂಗು ಗೋಡೆಗೂ ಮುಚ್ಚಿಗೆಯ ಹಲಗೆಗೂ ನಡುವಿನ ಸಂದಿನೊಳಗಿಂದ ಕೇಳುತ್ತಿತ್ತು. ಬಗ್ಗಿ ನೋಡಲೆಂದು ತೊಲೆಯ ಮೇಲೆ ಅಂಗೈ ಊರಿದೆ. ಮರದ ಗಟ್ಟಿತನ ಕೈಗೆ ಸಿಗಲಿಲ್ಲ, ಒದ್ದೆ ಮಣ್ಣು ಸಿಕ್ಕಿತು. ಗೆದ್ದಲು ತೊಲೆಯ ಉದ್ದಕ್ಕೂ ಮಣ್ಣಿನ ದಾರಿ ಕಟ್ಟಿತ್ತು. ನಾನು ಕೆಳಗಿಳಿದು ಅಮ್ಮನನ್ನು ಎಬ್ಬಿಸಿ ಜಗಲಿಗೆ ಕರೆತಂದ ಸ್ವಲ್ಪ ಹೊತ್ತಿನಲ್ಲೇ ಎರಡು ಪಕಾಸಿಗಳು ಮುರಿದು, ಐವತ್ತು ಅರವತ್ತು ಹೆಂಚುಗಳು ಒಲೆಯ ಮೇಲೆ ಬಿದ್ದವು. ಅಷ್ಟು ಸದ್ದಿನ ನಡುವೆಯೂ, ಸದ್ದು ನಿಂತ ಮೇಲೂ, ಆ ಮರಿಯ ಸಣ್ಣ ಕೂಗು ಮಾತ್ರ ನಿಲ್ಲಲಿಲ್ಲ.

ರಾತ್ರಿ ಮೂರು ಗಂಟೆಗೆ ಆಚೆಮನೆಯವರಿಗೆ ಫೋನ್ ಮಾಡಿದೆ. ಕಂಬಳಿಕೊಪ್ಪೆ ಹಾಕಿಕೊಂಡು, ಹೆಗಲ ಮೇಲೆ ಅಡಿಕೆ ಒಣಗಿಸುವ ದೊಡ್ಡ ಟಾರ್ಪಾಲನ್ನು ಹೊತ್ತು, ಮಗನನ್ನೂ ಜೊತೆಗೆ ಕರೆದುಕೊಂಡು ಅವರು ಬಂದರು. ಯಾಕೆ, ಹೇಗೆ ಎಂದು ಕೇಳುತ್ತಾ ನಿಲ್ಲದೆ ಮೊದಲು ಮೇನ್ ಸ್ವಿಚ್ ಆರಿಸಿದರು. ಆಮೇಲೆ ತೆರೆದ ಜಾಗಕ್ಕೆ ಟಾರ್ಪಾಲು ಎಳೆದು ಕಟ್ಟಿದರು. ಅದಾದ ಮೇಲೆ, ನಾವು ಕೇಳಿಕೊಳ್ಳುವ ಮುನ್ನವೇ, "ಒಳಗೆ ಮರಿ ಕೂಗ್ತಾ ಇದೆಯಲ್ಲ" ಎಂದು ಹೇಳಿ, ಹಾರೆಯಿಂದ ಮುಚ್ಚಿಗೆಯ ಒಂದು ಹಲಗೆಯನ್ನು ಮೆಲ್ಲಗೆ ಎಬ್ಬಿಸಿ, ತೋಳು ಒಳಗಿಟ್ಟು ಮರಿಯನ್ನು ಹೊರತೆಗೆದರು. ಗೋಡೆಯ ಮಣ್ಣು ಮೆತ್ತಿಕೊಂಡಿದ್ದ ಆ ಮರಿ ಅವರ ಅಂಗೈ ತುಂಬುವಷ್ಟೂ ದೊಡ್ಡದಿರಲಿಲ್ಲ, ಹೊಳೆಯ ಕಲ್ಲಿನಂತೆ ತಣ್ಣಗಿತ್ತು.

ಬೆಳಗಿನ ಜಾವ ಐದಕ್ಕೆ ಫೋನ್ ಎತ್ತಿದ ಪಶುವೈದ್ಯರಿಗೆ ನನ್ನ ಮೊದಲ ಕೃತಜ್ಞತೆ. ಬಿಸಿ ಹಾಲು ಕುಡಿಸಲೇ ಎಂದು ಕೇಳಿದ ನನ್ನನ್ನು ಅವರು ಅಲ್ಲಿಯೇ ತಡೆಯದಿದ್ದರೆ ಮರಿ ಉಳಿಯುತ್ತಿರಲಿಲ್ಲ. ತಣ್ಣಗಾದ ಮರಿಗೆ ಹಾಲು ಜೀರ್ಣವಾಗುವುದಿಲ್ಲ, ನುಂಗಲಾರದೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಇದೆ, ಆದ್ದರಿಂದ ಮೊದಲು ಮೈ ಒರೆಸಿ, ಉಗುರುಬೆಚ್ಚಗಿನ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ನಿಧಾನವಾಗಿ ಕಾವು ಕೊಡಿ, ಅದು ತಾನಾಗಿ ಬಾಯಿ ಆಡಿಸಲು ಶುರು ಮಾಡಿದ ಮೇಲೆ ತಾಯಿಯ ಬಳಿ ಬಿಡಿ ಎಂದು ಅವರು ಹೇಳಿದರು. ಎರಡು ತಾಸು ಅಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅಪ್ಪ ಹೋದ ಮೇಲೆ ಅಮ್ಮ ಒಂದು ಕೆಲಸದಲ್ಲಿ ಅಷ್ಟು ಹೊತ್ತು ಮನಸ್ಸಿಟ್ಟು ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಕೆಂಚಿಯ ಹಾಲು ಸಾಲದೆ ಬಂದಾಗ ದನದ ಹಾಲು ಬೇಡ, ಭೇದಿಯಾಗುತ್ತದೆ ಎಂದು ಅದೇ ವೈದ್ಯರು ಎಚ್ಚರಿಸಿ, ಮರಿಗಳಿಗೆಂದೇ ಇರುವ ಹಾಲಿನ ಪುಡಿಯನ್ನು ಶಿವಮೊಗ್ಗದ ಅಂಗಡಿಯಿಂದ ಬಸ್ಸಿಗೆ ಹಾಕಿಸಿದರು. ಆ ಪೊಟ್ಟಣವನ್ನು ಮಳೆ ತಾಗದಂತೆ ತಮ್ಮ ಸೀಟಿನ ಬಳಿಯೇ ಇಟ್ಟುಕೊಂಡು ತಂದು ನಮ್ಮ ನಿಲ್ದಾಣದಲ್ಲಿ ಕೈಗೆ ಕೊಟ್ಟ ನಿರ್ವಾಹಕರನ್ನೂ ಇಲ್ಲಿ ನೆನೆಯುತ್ತೇನೆ.

ಮರುದಿನದಿಂದ ಮನೆಗೆ ಜನ ಬಂದರು. ಒಳ್ಳೆಯ ಮನಸ್ಸಿನಿಂದಲೇ ಹಲವರು ಒಂದೇ ಮಾತು ಹೇಳಿದರು: ಇದನ್ನು ಕೆಡವಿ ಆರ್‌ಸಿಸಿ ಹಾಕಿಸಿ, ಹೆಂಚು ಒಡೆಯುವ ಈ ಬೆಕ್ಕುಗಳನ್ನು ಎಲ್ಲಾದರೂ ಬಿಟ್ಟುಬನ್ನಿ. ಅಳತೆ ತೆಗೆಯಲು ಬಂದ ಒಬ್ಬ ಗುತ್ತಿಗೆದಾರರು ಒಳಗೆ ಕಾಲಿಡದೆ ಅಂಗಳದಲ್ಲೇ ನಿಂತು ಲೆಕ್ಕ ಹೇಳಿ ಹೋದರು. ನಾನು ಈ ಬರಹದಲ್ಲಿ ನೆನೆಯುತ್ತಿರುವವರು ಮಾತ್ರ ಹಾಗೆ ಹೇಳಲಿಲ್ಲ. ಅವರು ಬಂದೊಡನೆ ಕೇಳಿದ್ದು, "ಎಲ್ಲಿ ಸೋರ್ತದೆ, ತೋರಿಸಿ" ಎಂದು. ಆ ದಿನಗಳಲ್ಲಿ ನಮಗೆ ಬೇಕಾಗಿದ್ದದ್ದು ಆ ಪ್ರಶ್ನೆಯೇ ಎಂಬುದು ಅದನ್ನು ಕೇಳಿಸಿಕೊಂಡಾಗಲೇ ತಿಳಿಯಿತು.

ಹೊಳವಿನ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯಬೇಕು. ಜುಲೈ ತಿಂಗಳಲ್ಲಿ ನಮ್ಮ ಕಡೆ ಮಳೆ ನಾಲ್ಕು ತಾಸು ಬಿಡುವು ಕೊಟ್ಟರೆ ಅದು ಬೆಲೆ ಕಟ್ಟಲಾಗದ ಹೊತ್ತು. ಅಡಿಕೆ ತೋಟವಿರುವ ಪ್ರತಿಯೊಬ್ಬರೂ ಆ ಹೊಳವಿಗಾಗಿ ಕಾಯುತ್ತಿರುತ್ತಾರೆ. ಕೊಳೆರೋಗ ಬಾರದಿರಲು ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯಬೇಕು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು ಸೇರಿಸಿ ಮಾಡಿದ ಆ ಔಷಧಿ ಗೊನೆಯ ಮೇಲೆ ಒಣಗಿ ಹಿಡಿದುಕೊಳ್ಳಲು ಮಳೆಯಿಲ್ಲದ ಕೆಲವು ತಾಸುಗಳು ಬೇಕೇ ಬೇಕು. ಮಾಡು ಕುಸಿದ ಐದನೆಯ ದಿನ ಅಂಥದೊಂದು ಹೊಳವು ಬಂತು. ಆ ದಿನ ಆಚೆಮನೆಯವರು ಎರಡನೆಯ ಸಲದ ಔಷಧಿಗೆಂದು ಅಡಿಕೆ ಮರ ಹತ್ತುವ ಕೊನೆಗಾರರನ್ನು ಗೊತ್ತುಮಾಡಿದ್ದರು, ಬ್ಯಾರಲ್‌ನಲ್ಲಿ ದ್ರಾವಣವನ್ನೂ ಕಲಸಿಯಾಗಿತ್ತು. ಆ ಕೊನೆಗಾರರೇ ನಮ್ಮ ಊರಿನಲ್ಲಿ ಹೆಂಚಿನ ಮಾಡಿನ ಮೇಲೆ ಹೆಜ್ಜೆಯಿಡಲು ಬಲ್ಲವರೂ ಆಗಿದ್ದರು. ಬೆಳಿಗ್ಗೆ ಎಂಟಕ್ಕೆ ಮೋಡ ಹರಿದದ್ದನ್ನು ನೋಡಿ ಆಚೆಮನೆಯವರು ಅವರನ್ನು ತೋಟಕ್ಕೆ ಕಳಿಸದೆ ನಮ್ಮ ಅಂಗಳಕ್ಕೆ ಕಳಿಸಿದರು. ಕಲಸಿದ ದ್ರಾವಣ ಮರುದಿನಕ್ಕೆ ಕೆಲಸಕ್ಕೆ ಬರುವುದಿಲ್ಲ, ಅದಷ್ಟನ್ನೂ ಚೆಲ್ಲಬೇಕಾಯಿತು. ಮುಂದಿನ ಹೊಳವು ಬರಲು ಮತ್ತೆ ಒಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ಅವರ ತೋಟದ ಕೆಳಗಿನ ಭಾಗಕ್ಕೆ ಕೊಳೆ ತಗುಲಿ ಹಸಿಕಾಯಿ ಉದುರಿತು. ಇದನ್ನು ಅವರು ನಮಗೆ ಇವತ್ತಿಗೂ ಹೇಳಿಲ್ಲ. ಸುಗ್ಗಿಯ ಹೊತ್ತಿಗೆ ಬೇರೆಯವರ ಬಾಯಿಂದ ಅಮ್ಮನಿಗೆ ತಿಳಿಯಿತು. ನಷ್ಟ ಎಷ್ಟಾಯಿತು, ತುಂಬಿಕೊಡುತ್ತೇವೆ ಎಂದು ಅಮ್ಮ ಹೋಗಿ ಕೇಳಿದಾಗ ಅವರು ಕಾಫಿ ಕೊಟ್ಟು, ಬೇರೆ ಮಾತು ತೆಗೆದು, ಅಮ್ಮನನ್ನು ಮನೆಯವರೆಗೂ ಬಿಟ್ಟುಹೋದರು. ಅವರ ಮುಂದೆ ಆಡಲಾಗದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ: ನೀವು ಕಳೆದುಕೊಂಡದ್ದು ಏನೆಂಬುದು ನಮಗೆ ಗೊತ್ತಿದೆ, ಅದನ್ನು ನಾವು ಮರೆತಿಲ್ಲ.

ಆ ದಿನ ಕೊನೆಗಾರರು ಮೊದಲು ಮಾಡು ಹತ್ತಲಿಲ್ಲ, ಅಟ್ಟ ಹತ್ತಿದರು. ಎಲ್ಲ ದೀಪ ಆರಿಸಲು ಹೇಳಿ, ಕತ್ತಲಲ್ಲಿ ಮಲಗಿ ಮೇಲೆ ನೋಡಿದರು. ಬಿರುಕು ಬಿಟ್ಟ ಹೆಂಚು ಇರುವಲ್ಲೆಲ್ಲ ಸೂಜಿಮೊನೆಯಷ್ಟು ಬೆಳಕು ಕಾಣುತ್ತಿತ್ತು. ಒಂದೊಂದರ ಕೆಳಗೂ ರೀಪಿಗೆ ಸೀಮೆಸುಣ್ಣದ ಗುರುತು ಹಾಕಿದರು. ಅಷ್ಟು ವರ್ಷವೂ ಬಕೆಟ್ಟು ಇಟ್ಟ ಜಾಗದ ನೇರ ಮೇಲಿನ ಹೆಂಚೇ ಒಡೆದಿರಬೇಕೆಂದು ನಾನು ತಿಳಿದಿದ್ದೆ. ನೀರು ಒಡಕಿನಿಂದ ಒಳಗಿಳಿದು, ರೀಪು ಪಕಾಸಿಗಳ ಮೇಲೆ ಜಾರಿಕೊಂಡು ನಾಲ್ಕೈದು ಅಡಿ ದೂರ ಸಾಗಿ, ಗಂಟು ಸಿಕ್ಕಿದಲ್ಲಿ ತೊಟ್ಟಿಕ್ಕುತ್ತದೆ ಎಂಬುದನ್ನು ಅವರು ಬೆರಳಿಟ್ಟು ತೋರಿಸಿದರು. ತೊಲೆಗೆ ಗೆದ್ದಲು ಹಿಡಿದದ್ದೂ ಹೀಗೆ ಜಾರಿ ಬಂದ ನೀರು ಗೋಡೆಯ ತಲೆಯಲ್ಲಿ ವರ್ಷಗಟ್ಟಲೆ ಇಂಗಿದ್ದರಿಂದಲೇ. ಬೆಕ್ಕುಗಳ ಮೇಲಿದ್ದ ದೂರನ್ನೂ ಅವರೇ ಕಳೆದರು. ಬೆಕ್ಕಿನ ತೂಕಕ್ಕೆ ಹೆಂಚು ಒಡೆಯುವುದಿಲ್ಲ, ಇದು ಮಂಗ ನೆಗೆದದ್ದು ಮತ್ತು ತೆಂಗಿನ ಹೆಡೆ ಬಿದ್ದದ್ದು ಎಂದು ಒಡಕಿನ ಗುರುತನ್ನೇ ಅಮ್ಮನಿಗೆ ತೋರಿಸಿ ವಿವರಿಸಿದರು.

ಬಡಗಿಯವರು ಮಳೆ ಇಳಿದ ಮೇಲೆ, ನವರಾತ್ರಿ ಕಳೆದು ಬಂದರು. ಉಳಿಯ ಹಿಂಬದಿಯಿಂದ ತೊಲೆಯನ್ನು ಗೇಣು ಗೇಣಿಗೊಮ್ಮೆ ತಟ್ಟಿ ಕಿವಿಗೊಟ್ಟು ಕೇಳುತ್ತಾ ಅವರು ಮನೆಯ ಉದ್ದಕ್ಕೂ ನಡೆದರು. ಗಟ್ಟಿ ಸದ್ದು ಬಂದಲ್ಲಿ ಮುಂದೆ ಹೋಗುವುದು, ಟೊಳ್ಳು ಸದ್ದು ಬಂದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡುವುದು. ಒಂದು ಕಡೆ ಅದು ಹಿಡಿಯವರೆಗೂ ಇಳಿಯಿತು. ಆದರೆ ಹಾಳಾಗಿದ್ದದ್ದು ತೊಲೆಯ ತುದಿಯ ನಾಲ್ಕಡಿ ಮಾತ್ರ. ಇಡೀ ತೊಲೆ ಬದಲಿಸುತ್ತೇನೆಂದು ಹೇಳಿದ್ದರೂ ನಾವು ಒಪ್ಪುತ್ತಿದ್ದೆವು, ಅವರಿಗೆ ಕೂಲಿಯೂ ಹೆಚ್ಚು ಸಿಗುತ್ತಿತ್ತು. ಅವರು ಹಾಗೆ ಮಾಡದೆ ಕೆಟ್ಟ ಭಾಗವನ್ನಷ್ಟೇ ಕತ್ತರಿಸಿ, ಹಳೆಯ ಹಲಸಿನ ತುಂಡನ್ನೇ ಹುಡುಕಿ ತಂದು, ಕಚ್ಚು ಕೊಟ್ಟು ಜೋಡಿಸಿ, ಅಡಿಗೆ ಒಂದು ಕಂಬ ನಿಲ್ಲಿಸಿದರು. ಗೆದ್ದಲಿಗೆ ಗೇರೆಣ್ಣೆ ಬಳಿಯುವ ದಿನ, ಅದು ಮನುಷ್ಯರ ಚರ್ಮಕ್ಕೇ ಬೊಕ್ಕೆ ಬರಿಸುವ ವಸ್ತು, ಬೆಕ್ಕು ಕಾಲು ನೆಕ್ಕುವ ಪ್ರಾಣಿ, ಒಣಗುವವರೆಗೆ ಇಲ್ಲಿ ಒಂದೂ ಇರಕೂಡದು ಎಂದು ಅವರೇ ನಿಂತು ಹೇಳಿದರು. ಕೆಂಚಿ, ದೊಡ್ಡವಾಗಿದ್ದ ನಾಲ್ಕು ಮರಿಗಳು ಮತ್ತು ಹಳೆಯ ಗಂಡು ಬೆಕ್ಕು ಕರಿಯನನ್ನು ಹದಿನೈದು ದಿನ ತಮ್ಮ ಹಿತ್ತಿಲಿನ ಕೋಣೆಯಲ್ಲಿಟ್ಟು, ದಿನಕ್ಕೆರಡು ಹೊತ್ತು ಅನ್ನ ಮೀನು ಕಲಸಿ ಹಾಕಿದ ಕೇರಿಯ ಅಕ್ಕನಿಗೆ ನಮ್ಮ ನಮಸ್ಕಾರ.

ಒದ್ದೆ ಗೋಡೆಯಲ್ಲಿ ಹಾದುಹೋಗಿದ್ದ ಹಳೆಯ ಮರದ ಪಟ್ಟಿಯ ವೈರಿಂಗನ್ನು ಪೂರ್ತಿ ಕಿತ್ತು, ಕರೆಂಟು ಸೋರಿದರೆ ತಾನಾಗಿ ಆರುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ಚು ಕೂರಿಸಿ, ಬತ್ತಿಹೋಗಿದ್ದ ಅರ್ಥಿಂಗ್ ಗುಂಡಿಗೆ ಇದ್ದಿಲು ಉಪ್ಪು ತುಂಬಿಸಿಕೊಟ್ಟ ಎಲೆಕ್ಟ್ರಿಷಿಯನ್ ನಮ್ಮ ಅಪ್ಪನ ಬಳಿ ಚಿಕ್ಕಂದಿನಲ್ಲಿ ಲೆಕ್ಕ ಹೇಳಿಸಿಕೊಂಡವರಂತೆ. ಸಾಮಾನಿನ ಹಣ ಮಾತ್ರ ತೆಗೆದುಕೊಂಡರು.

ಕೊನೆಯದಾಗಿ ಹೆಂಚು ಕೊಟ್ಟವರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಅಲ್ಲಿ ಅನೇಕ ಕಾರ್ಖಾನೆಗಳು ಎದ್ದವು, ಒಂದೊಂದರ ಹೆಂಚಿನ ಬೆನ್ನಿನಲ್ಲೂ ಅದರದೇ ಮುದ್ರೆಯಿರುತ್ತದೆ. ನೋಡಲು ಎಲ್ಲವೂ ಒಂದೇ ಎನಿಸಿದರೂ ಒಂದು ಮುದ್ರೆಯ ಹೆಂಚಿನ ತೋಡು ಇನ್ನೊಂದರ ಅಂಚಿಗೆ ಸರಿಯಾಗಿ ಕೂರುವುದಿಲ್ಲ, ಕೂರದ ಸಂದಿನಲ್ಲಿ ಗಾಳಿಮಳೆ ಒಳನುಗ್ಗುತ್ತದೆ. ಹೊಸ ಹೆಂಚು ತಂದು ಹೊಂದಿಸಲು ನೋಡಿ ನಾವು ಸೋತಿದ್ದೆವು. ಹೊಳೆಯಾಚೆಯ ಊರಿನ ಒಂದು ಕುಟುಂಬದವರು ತಮ್ಮ ಹಳೆಯ ಮನೆ ಕಳಚುತ್ತಿರುವ ಸುದ್ದಿ ಬಡಗಿಯವರಿಂದ ತಿಳಿದು ಹೋದಾಗ, ಅವರ ಹೆಂಚಿನ ಮೇಲೂ ನಮ್ಮದೇ ಮುದ್ರೆ ಕಂಡಿತು. ಬೆಲೆ ಕೇಳಿದ್ದಕ್ಕೆ ಆ ಮನೆಯ ಅಜ್ಜಿ, "ನಮ್ಮ ಮಾಡು ಹೋಯ್ತು, ನಿಮ್ಮದರ ಮೇಲಾದರೂ ಇರಲಿ" ಎಂದು ಹೇಳಿ 400 ಹೆಂಚುಗಳನ್ನು ಹಾಗೆಯೇ ಕೊಟ್ಟರು, ತಾವೇ ಹುಲ್ಲು ಹಾಸಿ ಗಾಡಿಗೆ ಹೇರಿಸಿದರು. ಒಂದೂ ಒಡೆಯದೆ ಬಂತು. ಅಡುಗೆಕೋಣೆಯ ಮೇಲೆ ಈಗ ಇರುವುದು ಅವರ ಮನೆಯ ಹೆಂಚೇ. ಅಜ್ಜಿಯವರು ಯಾವಾಗ ಬಂದರೂ ಅದನ್ನು ತೋರಿಸಲು ಅಮ್ಮ ಕಾಯುತ್ತಿದ್ದಾರೆ.

ಗೋಡೆಯ ಸಂದಿನಿಂದ ತೆಗೆದ ಮರಿ ಈಗ ವರ್ಷ ತುಂಬಿದ ಬೆಕ್ಕು. ಮಳೆ ಜೋರಾದಾಗ ಅಟ್ಟದ ಮೇಲೆ, ಜೋಡಿಸಿದ ತೊಲೆಯ ಪಕ್ಕದಲ್ಲೇ ಮಲಗಿರುತ್ತದೆ. ಅದರ ಅಡಿಯ ಹುಲ್ಲನ್ನು ಈ ಮಳೆಗಾಲದುದ್ದಕ್ಕೂ ನಾನು ಆಗಾಗ ಮುಟ್ಟಿ ನೋಡಿದ್ದೇನೆ, ಒಣಗಿಯೇ ಇತ್ತು. ಅಜ್ಜಿ ಕೊಟ್ಟ ಹೆಂಚುಗಳಲ್ಲಿ ಸುಮಾರು 60 ಉಳಿದಿವೆ, ಕೊಟ್ಟಿಗೆಯ ಗೋಡೆಗೆ ಒರಗಿಸಿ ಜೋಡಿಸಿಟ್ಟಿದ್ದೇವೆ. ಅದೇ ಮುದ್ರೆಯ ಹೆಂಚು ಯಾರ ಮನೆಗೆ ಬೇಕಾದರೂ ಬಂದು ಒಯ್ಯಬಹುದು. ಬರುವಾಗ ನಿಮ್ಮ ಮನೆಯ ಒಂದು ಹೆಂಚು ತನ್ನಿ, ಅಂಚಿಗೆ ಅಂಚು ಕೂಡಿಸಿ ನೋಡಿಯೇ ಕೊಡುತ್ತೇವೆ.